ಮೂರು ದಿನ ನಿಂತರೆ ಬ್ಯಾಟರಿ ಡೌನ್: ತಪ್ಪು ಬ್ಯಾಟರಿಯದ್ದೋ, ಆಲ್ಟರ್ನೇಟರಿನದ್ದೋ?

ಓದುಗರ ಪ್ರಶ್ನೆ: ನನ್ನದು ನಾಲ್ಕು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. 45 ಆಂಪಿಯರ್-ಅವರ್ ಬ್ಯಾಟರಿ ಇದೆ. ದಿನಾ ಓಡಿಸಿದರೆ ಏನೂ ತೊಂದರೆಯಿಲ್ಲ. ಮೂರು ದಿನ ನಿಲ್ಲಿಸಿದರೆ ಮಾತ್ರ ಸೆಲ್ಫ್ ಎತ್ತುವುದಿಲ್ಲ; ಟಿಕ್ ಟಿಕ್ ಟಿಕ್ ಎಂದು ಸದ್ದಾಗಿ ಡ್ಯಾಶ್‌ಬೋರ್ಡಿನ ದೀಪಗಳು ಮಿನುಗುತ್ತವೆ. ಹೊಸ ಬ್ಯಾಟರಿ ಹಾಕಿಸಿ ಎಂಟು ತಿಂಗಳಾಯಿತು, ಅದೂ ಈಗ ಹೀಗೇ ಮಾಡುತ್ತಿದೆ. ಒಬ್ಬ ಮೆಕ್ಯಾನಿಕ್ ಆಲ್ಟರ್ನೇಟರ್ ಬದಲಿಸಿ ಎಂದರು. ಇನ್ನೊಬ್ಬರು ದಿನಾ ಬೆಳಿಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕು ಎಂದರು. ಮನೆಯಲ್ಲಿ ಒಂದು ಸಾಧಾರಣ ಮಲ್ಟಿಮೀಟರ್ ಇದೆ. ಗಾಡಿ ಮೂರು ದಿನ ನಿಂತ ಮೇಲೆ 11.7 ವೋಲ್ಟ್ ತೋರಿಸಿತು, ಎಂಜಿನ್ ಓಡುವಾಗ 14.2. ಒಂದೂವರೆ ವರ್ಷದ ಹಿಂದೆ ಹೊರಗಡೆ ಸ್ಟೀರಿಯೊ ಮತ್ತು ಡ್ಯಾಶ್‌ಕ್ಯಾಮ್ ಹಾಕಿಸಿದ್ದೆ. ಇದನ್ನು ನಾನೇ ಪತ್ತೆ ಮಾಡಬಹುದೇ, ಇಲ್ಲ ಆಲ್ಟರ್ನೇಟರ್ ಹಾಕಿಸಿಬಿಡಲೇ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನೀವು ಅಳೆದ ಎರಡು ಸಂಖ್ಯೆಗಳೇ ಅರ್ಧ ವಿಷಯ ಹೇಳಿಬಿಟ್ಟಿವೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.7 ವೋಲ್ಟ್ ಇರಬೇಕು, ನಿಮ್ಮದು 14.2. ಅಂದರೆ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ಕರೆಂಟ್ ಹುಟ್ಟಿಸುವ ಯಂತ್ರ) ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿದೆ. ನಿಂತ ಗಾಡಿಯಲ್ಲಿ 11.7 ಅಂದರೆ ಬ್ಯಾಟರಿ ಬಹುತೇಕ ಖಾಲಿ. ಟಿಕ್ ಟಿಕ್ ಸದ್ದೂ ಅದನ್ನೇ ಹೇಳುತ್ತದೆ: ಸ್ಟಾರ್ಟರಿನ ಸೋಲೆನಾಯ್ಡ್ (ಮೋಟರಿಗೆ ಕರೆಂಟ್ ಬಿಡುವ ಕಾಂತದ ಸ್ವಿಚ್) ಎಳೆದುಕೊಳ್ಳುತ್ತದೆ, ಮೋಟರಿಗೆ ಕರೆಂಟ್ ಹೋಗುತ್ತಿದ್ದಂತೆ ವೋಲ್ಟೇಜ್ ಕುಸಿಯುತ್ತದೆ, ಸೋಲೆನಾಯ್ಡ್ ಬಿಟ್ಟುಬಿಡುತ್ತದೆ, ಮತ್ತೆ ಎಳೆಯುತ್ತದೆ. ಒಂದೇ ಸಲ 'ಟಕ್' ಎಂದು ಸುಮ್ಮನಾಗಿದ್ದರೆ ಸ್ಟಾರ್ಟರ್ ಮೋಟರನ್ನು ಅನುಮಾನಿಸಬಹುದಿತ್ತು. ಸದ್ದೇ ಇಲ್ಲದಿದ್ದರೆ ಇಗ್ನಿಷನ್ ಸ್ವಿಚ್, ಕ್ಲಚ್ ಸ್ವಿಚ್ ಅಥವಾ ಇಮೊಬಿಲೈಜರ್ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಕಡೆ ನೋಡಬೇಕಿತ್ತು. ನಿಮ್ಮದು ಅವೆರಡೂ ಅಲ್ಲ.

ಉಳಿಯುವ ಸಾಧ್ಯತೆ ಎರಡು. ಗಾಡಿ ನಿಂತಿರುವಾಗ ಎಲ್ಲೋ ಕರೆಂಟ್ ಸೋರುತ್ತಿದೆ, ಅಥವಾ ಬ್ಯಾಟರಿಗೇ ಚಾರ್ಜ್ ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲ. ಎಂಟೇ ತಿಂಗಳಲ್ಲಿ ಎರಡನೇ ಬ್ಯಾಟರಿಗೂ ಅದೇ ಗತಿಯಾಗಿರುವುದರಿಂದ ಮೊದಲನೆಯದೇ ಮೂಲ ಇರಬೇಕು. ಆದರೆ ಸೋರಿಕೆ ಬಹಳ ದಿನ ನಡೆದರೆ ಬ್ಯಾಟರಿಯೂ ಕೆಡುತ್ತದೆ. ಕಾರಿನ ಬ್ಯಾಟರಿ ಇರುವುದು ಒಮ್ಮೆಗೇ ಹೆಚ್ಚು ಕರೆಂಟ್ ಕೊಟ್ಟು ತಕ್ಷಣ ತುಂಬಿಕೊಳ್ಳುವುದಕ್ಕೆ. ಪೂರ್ತಿ ಖಾಲಿಯಾಗಿ ದಿನಗಟ್ಟಲೆ ನಿಂತರೆ ಅದರ ಪ್ಲೇಟುಗಳ ಮೇಲಿನ ಲೆಡ್ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅಷ್ಟು ಭಾಗ ಮರಳಿ ಬರುವುದಿಲ್ಲ. ಹಾಗಾಗಿ ಈಗ ನಿಮ್ಮ ಗಾಡಿಯಲ್ಲಿ ಎರಡೂ ದೋಷ ಇದ್ದರೆ ಆಶ್ಚರ್ಯವಿಲ್ಲ. ಮೊದಲು ಯಾವುದನ್ನು ಸರಿಮಾಡುತ್ತೀರಿ ಅನ್ನುವುದು ಇಲ್ಲಿ ಮುಖ್ಯ. ಸೋರಿಕೆ ಹಾಗೇ ಬಿಟ್ಟು ಮೂರನೇ ಬ್ಯಾಟರಿ ಹಾಕಿಸಿದರೆ ಅದಕ್ಕೂ ಇದೇ ಗತಿ.

ಸೋರಿಕೆ ಎಷ್ಟಿರಬಹುದು ಎಂದು ಕೂತಲ್ಲೇ ಅಂದಾಜು ಮಾಡಬಹುದು. ಬ್ಯಾಟರಿ ಪೂರ್ತಿ ತುಂಬಿದ್ದು ಮೂರು ದಿನದಲ್ಲಿ ಸುಮಾರು 40 ಆಂಪಿಯರ್-ಅವರ್ ಹೋಗಿದ್ದರೆ, 72 ಗಂಟೆಗೆ ಭಾಗಿಸಿ: ಸುಮಾರು 0.55 ಆಂಪಿಯರ್. ಬ್ಯಾಟರಿ ಮೊದಲೇ ಬಳಲಿ ಅರ್ಧ ಸಾಮರ್ಥ್ಯಕ್ಕೆ ಇಳಿದಿದ್ದರೆ 0.28 ಆಂಪಿಯರ್ ಸಾಕು. ನೀವು ಹುಡುಕಬೇಕಿರುವುದು ಈ ಗಾತ್ರದ ಕಳ್ಳನನ್ನು. ಡಿಕ್ಕಿಯೊಳಗಿನ 5 ವ್ಯಾಟಿನ ಬಲ್ಬ್ ಎಳೆಯುವುದು 0.4 ಆಂಪಿಯರ್. ನಿಂತಾಗಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಬರುತ್ತದೆ.

ಕಿವಿಗೆ ಬೀಳುವ ಸಲಹೆಗಳು

ಹತ್ತು ನಿಮಿಷ ಸ್ಟಾರ್ಟ್ ಮಾಡಿಡುವ ಸಲಹೆಯನ್ನು ಮೇಲಿನ ಲೆಕ್ಕಕ್ಕೇ ಹಚ್ಚಿ ನೋಡಿ. ಅರ್ಧ ಆಂಪಿಯರ್ ಸೋರಿಕೆ ದಿನಕ್ಕೆ 12 ಆಂಪಿಯರ್-ಅವರ್ ತಿನ್ನುತ್ತದೆ. ನಿಂತಲ್ಲೇ ಓಡುವ ಎಂಜಿನ್ ಹತ್ತು ನಿಮಿಷ ಧಾರಾಳವಾಗಿ 20 ಆಂಪಿಯರ್ ಕೊಟ್ಟಿತು ಎಂದುಕೊಂಡರೂ ತುಂಬುವುದು ಮೂರು ಚಿಲ್ಲರೆ. ಉಳಿದ ಒಂಬತ್ತು ಎಲ್ಲಿಂದ ಬರಬೇಕು? ಆರೋಗ್ಯವಾಗಿರುವ ಗಾಡಿಯಲ್ಲಿ ಒಂದು ಸ್ಟಾರ್ಟಿಗೆ ಖರ್ಚಾಗುವುದು ಸುಮಾರು 0.1 ಆಂಪಿಯರ್-ಅವರ್ ಅಷ್ಟೇ, ಅದು ಕೆಲವೇ ನಿಮಿಷಗಳಲ್ಲಿ ತುಂಬುತ್ತದೆ. ಸಲಹೆ ಕೊಟ್ಟವರು ಆ ಲೆಕ್ಕವನ್ನು ಖಾಲಿ ಬ್ಯಾಟರಿಗೂ ಹಚ್ಚಿದ್ದಾರೆ.

ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಳಚಿ, ಎಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿಯಿದೆ ಎನ್ನುವ ಹಳೆಯ ಪರೀಕ್ಷೆ ಇನ್ನೂ ಚಾಲ್ತಿಯಲ್ಲಿದೆ. ಯಾರಾದರೂ ಮಾಡಲು ಬಂದರೆ ತಡೆಯಿರಿ. ಬ್ಯಾಟರಿ ಇಲ್ಲದ ಆ ಗಳಿಗೆಯಲ್ಲಿ ವೋಲ್ಟೇಜ್ ಹತ್ತಾರು ವೋಲ್ಟಿಗೆ ನೆಗೆದು ಎಂಜಿನ್ ಕಂಪ್ಯೂಟರನ್ನೇ ಸುಡಬಹುದು. ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ಇಳಿದುಹೋಗುತ್ತದೆ ಎನ್ನುವ ಮಾತನ್ನೂ ಬಿಡಿ. ಇವತ್ತಿನ ಪ್ಲಾಸ್ಟಿಕ್ ಡಬ್ಬಿಗೆ ನೆಲ ಯಾವುದಾದರೂ ಒಂದೇ.

ಆಲ್ಟರ್ನೇಟರ್ ಎಂದ ಮೆಕ್ಯಾನಿಕ್ ಮಾತನ್ನು ಮಾತ್ರ ಪೂರ್ತಿ ತಳ್ಳಿಹಾಕಲಾರೆ. ಚೆನ್ನಾಗಿ ಚಾರ್ಜ್ ಮಾಡುವ ಆಲ್ಟರ್ನೇಟರೂ ಗಾಡಿ ನಿಂತಾಗ ಬ್ಯಾಟರಿಯನ್ನು ಹೀರಬಲ್ಲದು. ಅದರೊಳಗಿನ ಡಯೋಡುಗಳ ಕೆಲಸ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದು. ಅವು ಸೋರತೊಡಗಿದರೆ ಬ್ಯಾಟರಿಯಿಂದ ಕರೆಂಟ್ ಹಿಂದಕ್ಕೆ ಹರಿಯುತ್ತದೆ. ಪರೀಕ್ಷೆ ಮಾಡದೆ ಬದಲಿಸುವುದು ತಪ್ಪು, ಅಷ್ಟೇ.

ಮೊದಲು ಬ್ಯಾಟರಿಯನ್ನು ಗಾಡಿಯಿಂದ ಬೇರ್ಪಡಿಸಿ

ಇದು ಎಲ್ಲಕ್ಕಿಂತ ಸುಲಭದ ಪರೀಕ್ಷೆ, ಆದರೂ ಮಾಡುವವರು ಕಡಿಮೆ. ಬ್ಯಾಟರಿಯನ್ನು ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ. ಸಾಮರ್ಥ್ಯದ ಹತ್ತನೇ ಒಂದರಷ್ಟು ಕರೆಂಟ್ ಸಾಕು. ನಿಮ್ಮದಕ್ಕೆ 4ರಿಂದ 5 ಆಂಪಿಯರಿನಲ್ಲಿ 10–12 ಗಂಟೆ. ಗಾಳಿಯಾಡುವ ಜಾಗದಲ್ಲಿ ಮಾಡಿ, ಹತ್ತಿರ ಬೆಂಕಿ ಬೇಡ, ಏಕೆಂದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಡಬ್ಬಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಚಾರ್ಜ್ ಮಾಡಲೇಬೇಡಿ. ಮುಚ್ಚಳ ತೆಗೆಯಬಹುದಾದ ಮಾದರಿಯಾದರೆ ಪ್ಲೇಟು ಮುಳುಗಿವೆಯೇ ನೋಡಿ. ಕಡಿಮೆಯಿದ್ದರೆ ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಚಾರ್ಜ್ ಮುಗಿದ ಮೇಲೆ ಗುರುತಿನ ಮಟ್ಟಕ್ಕೆ ತನ್ನಿ. ಆಸಿಡ್ ಹಾಕಬಾರದು.

ತುಂಬಿದ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿಟ್ಟು ಹನ್ನೆರಡು ಗಂಟೆ ಬಿಟ್ಟು ಅಳೆಯಿರಿ. 12.6ರ ಮೇಲಿದ್ದರೆ ಪೂರ್ತಿ ತುಂಬಿದೆ; 12.4 ಮುಕ್ಕಾಲು, 12.2 ಅರ್ಧ, 12.0 ಕಾಲು. ಹಾಗೇ ಕಳಚಿದ ಸ್ಥಿತಿಯಲ್ಲಿ ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ. 12.5ರ ಮೇಲೆಯೇ ನಿಂತಿದ್ದರೆ ಬ್ಯಾಟರಿ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತಿದೆ, ಕಳ್ಳ ಗಾಡಿಯೊಳಗಿದ್ದಾನೆ. ಯಾವ ಸಂಪರ್ಕವೂ ಇಲ್ಲದೆ ತಾನಾಗಿ 12.2ಕ್ಕೋ ಕೆಳಕ್ಕೋ ಇಳಿದಿದ್ದರೆ ಬ್ಯಾಟರಿ ಹೋಗಿದೆ.

ಮತ್ತೆ ಜೋಡಿಸುವ ಮುನ್ನ ಟರ್ಮಿನಲ್ ಸ್ವಚ್ಛ ಮಾಡಿ. ಕಳಚುವಾಗ ಯಾವಾಗಲೂ ನೆಗೆಟಿವ್ ಮೊದಲು, ಜೋಡಿಸುವಾಗ ಪಾಸಿಟಿವ್ ಮೊದಲು. ಕ್ರಮ ತಪ್ಪಿದರೆ ಸ್ಪ್ಯಾನರ್ ಪಾಸಿಟಿವ್ ಮತ್ತು ಬಾಡಿ ಎರಡಕ್ಕೂ ತಾಗಿ ಕಿಡಿ ಹಾರುತ್ತದೆ. ಉಂಗುರ, ಲೋಹದ ವಾಚು ತೆಗೆದಿಡಿ. ಬಿಳಿ-ಹಸಿರು ಪುಡಿ ಕೂತಿದ್ದರೆ ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ ಹಳೆಯ ಬ್ರಷ್‌ನಲ್ಲಿ ಉಜ್ಜಿ. ಬ್ಯಾಟರಿಯ ಒಳಗೆ ಅದು ಹೋಗಬಾರದು. ಒಣಗಿಸಿ, ಬಿಗಿದು, ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿ. ಬಿಗಿದ ಮೇಲೆ ಕೈಯಲ್ಲಿ ತಿರುಗಿಸಿದರೆ ಕ್ಲಾಂಪ್ ಅಲ್ಲಾಡಬಾರದು.

ಸೋರಿಕೆ ಅಳೆಯುವುದು

ಹೆಚ್ಚಿನವರು ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಂದಿನ ಗಾಡಿಯ ಕಂಪ್ಯೂಟರುಗಳು ಕೀ ತೆಗೆದ ಕೂಡಲೇ ಮಲಗುವುದಿಲ್ಲ; ಇಪ್ಪತ್ತು ನಿಮಿಷದಿಂದ ಒಂದು ಗಂಟೆಯವರೆಗೂ ಎಚ್ಚರವಾಗಿರುತ್ತವೆ. ಬಾಗಿಲು ತೆರೆದರೆ, ಬ್ಯಾಟರಿ ಕಳಚಿ ಜೋಡಿಸಿದರೆ ಮತ್ತೆ ಎದ್ದುಬಿಡುತ್ತವೆ. ಅವು ಎಚ್ಚರ ಇರುವಾಗ ಅಳೆದು, ಎರಡು ಆಂಪಿಯರ್ ಸೋರಿಕೆ ಎಂದು ಗಾಬರಿಯಾಗುವವರು ಬಹಳ.

ಆದ್ದರಿಂದ ಮೊದಲೇ ತಯಾರಿ ಮಾಡಿಕೊಳ್ಳಿ. ಬಾನೆಟ್ ಎತ್ತಿ, ಅದರ ಲಾಕಿನಲ್ಲಿ ಸ್ವಿಚ್ ಇದ್ದರೆ ಒತ್ತಿ ಕಟ್ಟಿ. ಒಳಗಿನ ಫ್ಯೂಸ್ ಬಾಕ್ಸ್ ಮುಟ್ಟಲು ಡ್ರೈವರ್ ಬಾಗಿಲು ತೆರೆದಿರಬೇಕು. ಆದರೆ ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಳ್ಳಿ, ಗಾಡಿಗೆ ಬಾಗಿಲು ಹಾಕಿದೆ ಅನ್ನಿಸಲಿ. ಕೊನೆಯಲ್ಲಿ ಹ್ಯಾಂಡಲ್ ಎಳೆದು ಲಾಕ್ ಬಿಡಿಸುವುದನ್ನು ಮರೆತು ಬಾಗಿಲು ಬಡಿದರೆ ಲಾಕ್ ಜಖಂ ಆಗುತ್ತದೆ. ಒಂದು ಕಿಟಕಿ ಇಳಿಸಿಡಿ. ಕೀ ಜೇಬಿನಲ್ಲಿಟ್ಟುಕೊಂಡು ಓಡುವ ಗಾಡಿಯಾದರೆ ಕೀಯನ್ನು ಐದಾರು ಮೀಟರ್ ದೂರ, ಮನೆಯೊಳಗೆ ಇಡಿ.

ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಗುಂಡಿಯನ್ನು ಡಿಸಿ 10 ಆಂಪಿಯರಿಗೆ ತಿರುಗಿಸಿ. ಈಗ ಮೀಟರ್ ಬರೀ ಒಂದು ತಂತಿ ಇದ್ದಹಾಗೆ. ಈ ಸ್ಥಿತಿಯಲ್ಲಿ ಅದನ್ನು ಬ್ಯಾಟರಿಯ ಎರಡೂ ತುದಿಗೆ ಅಡ್ಡ ಇಟ್ಟರೆ ನೇರ ಶಾರ್ಟ್. ಒಂದು ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ನೆಗೆಟಿವ್ ಕೇಬಲಿನ ಕ್ಲಾಂಪಿಗೆ ಕಚ್ಚಿಸಿ. ಆಮೇಲೆ ಕ್ಲಾಂಪ್ ಸಡಿಲಿಸಿ ನಿಧಾನಕ್ಕೆ ಮೇಲೆತ್ತಿ. ಕ್ಲಿಪ್ ಮೊದಲೇ ಕಚ್ಚಿರುವುದರಿಂದ ಕರೆಂಟ್ ಕ್ಷಣವೂ ಕಡಿಯುವುದಿಲ್ಲ, ಕಂಪ್ಯೂಟರುಗಳು ಏಳುವುದಿಲ್ಲ. ಇನ್ನು ಮೀಟರ್ ನಡುವೆ ಇರುವಾಗ ಸೆಲ್ಫ್ ಹೊಡೆಯುವುದು, ಹೆಡ್‌ಲೈಟ್ ಹಾಕುವುದು ಮಾಡಬೇಡಿ. ಮೀಟರಿನ ಫ್ಯೂಸ್ ಹಾರುತ್ತದೆ. ಫ್ಯೂಸೇ ಇಲ್ಲದ ಅಗ್ಗದ ಮೀಟರಾದರೆ ಅದೇ ಸುಟ್ಟುಹೋಗುತ್ತದೆ.

ಒಂದು ಗಂಟೆ ಬಿಡಿ. ಆಮೇಲೆ ಕಾಣುವ ಸಂಖ್ಯೆ 0.05 ಆಂಪಿಯರ್, ಅಂದರೆ 50 ಮಿಲಿಆಂಪಿಯರಿಗಿಂತ ಕಡಿಮೆ ಇದ್ದರೆ ಅದು ಸಹಜ. ಗಡಿಯಾರ, ಅಲಾರಂ, ಕೀ ರಿಸೀವರ್ ಅಷ್ಟನ್ನು ತಿಂದೇ ತಿನ್ನುತ್ತವೆ. ಮಿನುಗುವ ಪುಟ್ಟ ದೀಪಕ್ಕೆ ಸಂಖ್ಯೆ ಒಂದಿಷ್ಟು ಕುಣಿದರೂ ಚಿಂತೆಯಿಲ್ಲ. 0.2ರ ಮೇಲೆ ನಿಂತರೆ ಕಳ್ಳ ಸಿಕ್ಕಹಾಗೆ, ಮನೆ ಹುಡುಕುವುದೊಂದು ಬಾಕಿ.

ಫ್ಯೂಸುಗಳಿಗೆ ಹೋಗುವ ಮುನ್ನ ದೀಪಗಳನ್ನು ಮುಗಿಸಿಬಿಡಿ. ಫೋನಿನಲ್ಲಿ ವಿಡಿಯೊ ರೆಕಾರ್ಡಿಂಗ್ ಹಾಕಿ ಡಿಕ್ಕಿಯೊಳಗಿಟ್ಟು ಮುಚ್ಚಿ. ಬಲ್ಬ್ ಆರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಗ್ಲೋವ್ ಬಾಕ್ಸ್, ಕನ್ನಡಿ ಪಕ್ಕದ ದೀಪಗಳಿಗೂ ಅದೇ ಉಪಾಯ.

ಯಾವ ಫ್ಯೂಸು?

ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡುವುದು ಎಲ್ಲರಿಗೂ ಗೊತ್ತಿರುವ ವಿಧಾನ. ನಡೆಯುತ್ತದೆ, ಆದರೆ ಫ್ಯೂಸ್ ವಾಪಸ್ ಹಾಕುವಾಗ ಯಾವುದೋ ಕಂಪ್ಯೂಟರ್ ಎದ್ದು ಮತ್ತೆ ಗಂಟೆ ಕಾಯುವ ಹಾಗಾಗಬಹುದು. ನನಗೆ ಮೆಚ್ಚು ಇನ್ನೊಂದು. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಲೋಹ ಕಾಣುವ ಎರಡು ಚುಕ್ಕಿಗಳಿರುತ್ತವೆ. ಕ್ಲಾಂಪನ್ನು ಮೊದಲಿನಂತೆ ಬ್ಯಾಟರಿಗೆ ಬಿಗಿದು, ಆಮೇಲೆ ಮೀಟರಿನ ಕ್ಲಿಪ್ ತೆಗೆದು, ಕೆಂಪು ವೈರನ್ನು ವೋಲ್ಟ್ ತೂತಿಗೆ ಬದಲಿಸಿ, 200 ಮಿಲಿವೋಲ್ಟ್ ಡಿಸಿಗೆ ತಿರುಗಿಸಿ. ಆ ಎರಡು ಚುಕ್ಕಿಗಳಿಗೆ ಎರಡು ಪ್ರೋಬ್ ಮುಟ್ಟಿಸಿ. ಕರೆಂಟ್ ಹರಿಯದ ಫ್ಯೂಸಿನಲ್ಲಿ 0.0 ಬರುತ್ತದೆ. ಹರಿಯುತ್ತಿದ್ದರೆ ಒಂದಿಷ್ಟು ಮಿಲಿವೋಲ್ಟ್ ಕಾಣುತ್ತದೆ: 10 ಆಂಪಿಯರ್ ಫ್ಯೂಸಿನಲ್ಲಿ 1 ಮಿಲಿವೋಲ್ಟ್ ಅಂದರೆ ಸ್ಥೂಲವಾಗಿ 100ರಿಂದ 150 ಮಿಲಿಆಂಪಿಯರ್. ದೊಡ್ಡ ಫ್ಯೂಸಿನಲ್ಲಿ ಅಷ್ಟೇ ಮಿಲಿವೋಲ್ಟಿಗೆ ಕರೆಂಟ್ ಇನ್ನೂ ಹೆಚ್ಚು. ಏನನ್ನೂ ಕೀಳದೆ, ಯಾರನ್ನೂ ಎಬ್ಬಿಸದೆ ಇಡೀ ಫ್ಯೂಸ್ ಬಾಕ್ಸ್ ಮುಗಿಸಬಹುದು.

ನಿಮ್ಮ ಗಾಡಿಯಲ್ಲಿ ನಾನು ಮೊದಲು ಕೈಹಾಕುವುದು ಸ್ಟೀರಿಯೊ ಮತ್ತು ಡ್ಯಾಶ್‌ಕ್ಯಾಮಿಗೆ. ತೊಂದರೆ ಶುರುವಾದ ಕಾಲವೂ ಅವು ಬಂದ ಕಾಲವೂ ಹೊಂದಿಕೆಯಾಗುತ್ತವೆ. ಸ್ಟೀರಿಯೊಗೆ ಹಳದಿ ವೈರಿನಲ್ಲಿ ಸದಾ ಕರೆಂಟ್ ಇರುತ್ತದೆ, ಅದು ಮೆಮೊರಿಗೆ. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಅವಸರದಲ್ಲಿ ಹಾಕುವವರು ಎರಡನ್ನೂ ಒಟ್ಟಿಗೆ ಸುತ್ತಿ ಸದಾ ಕರೆಂಟಿಗೆ ಕೊಟ್ಟುಬಿಡುತ್ತಾರೆ. ಪರದೆ ಆರಿದ್ದರೂ ಸ್ಟೀರಿಯೊ ಒಳಗೆ ಎಚ್ಚರವಾಗಿಯೇ ಇರುತ್ತದೆ. ಕೆಂಪು ವೈರನ್ನು ಕೀ ಜೊತೆ ಆರುವ ಸರ್ಕ್ಯೂಟಿಗೆ ಬದಲಿಸಿದರೆ ಸಾಕು. ಡ್ಯಾಶ್‌ಕ್ಯಾಮಿನ ವೈರು ಎಲ್ಲಿಗೆ ಹೋಗಿದೆ ನೋಡಿ. ನೇರ ಬ್ಯಾಟರಿಗೆ ಕಟ್ಟಿದ್ದರೆ ಅದು ಫ್ಯೂಸ್ ಬಾಕ್ಸಿನಲ್ಲಿ ಕಾಣುವುದೇ ಇಲ್ಲ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿದ್ದರೂ ಕೆಲವು ಗಾಡಿಗಳಲ್ಲಿ ಆ ಸಾಕೆಟ್ ಕೀ ತೆಗೆದ ಮೇಲೂ ಜೀವಂತ. ನಿಂತಾಗಲೂ ರೆಕಾರ್ಡಿಂಗ್ ಬೇಕೇಬೇಕು ಅಂದರೆ ವೋಲ್ಟೇಜ್ ಇಳಿದಾಗ ತಾನೇ ಆರುವ ಕಿಟ್ ಹಾಕಿಸಿ, ಅದನ್ನು 12.4ಕ್ಕೆ ಇಡಿ. 11.8ಕ್ಕೆ ಇಟ್ಟರೆ ಅದು ಆರುವ ಹೊತ್ತಿಗೆ ಬ್ಯಾಟರಿ ಆಗಲೇ ಮುಗಿದಿರುತ್ತದೆ.

ಇವೆರಡೂ ನಿರ್ದೋಷಿಗಳಾದರೆ ರಿಲೇಗಳನ್ನು (ಕರೆಂಟಿನಿಂದಲೇ ಆನ್-ಆಫ್ ಆಗುವ ಪುಟ್ಟ ಸ್ವಿಚ್ಚುಗಳನ್ನು) ಮುಟ್ಟಿ ನೋಡಿ. ಗಂಟೆಗಟ್ಟಲೆ ನಿಂತ ಗಾಡಿಯಲ್ಲಿ ಯಾವುದಾದರೂ ರಿಲೇ ಬೆಚ್ಚಗಿದ್ದರೆ ಅದು ಅಂಟಿಕೊಂಡಿದೆ. ಸ್ಟೀರಿಂಗ್ ಕೆಳಗಿನ ಸ್ಕ್ಯಾನರ್ ಸಾಕೆಟ್ಟಿನಲ್ಲಿ ಟ್ರ್ಯಾಕರ್, ಡಾಂಗಲ್ ಇದ್ದರೆ ಕಿತ್ತು ನೋಡಿ. ಹಳದಿ ಹೊದಿಕೆಯ ಕನೆಕ್ಟರುಗಳನ್ನು ಮಾತ್ರ ಮುಟ್ಟಬೇಡಿ, ಅವು ಏರ್‌ಬ್ಯಾಗಿನವು.

ಆಲ್ಟರ್ನೇಟರಿನ ಸರದಿ

ಯಾವ ಫ್ಯೂಸಿನಲ್ಲೂ ಏನೂ ಸಿಗದೆ ಸೋರಿಕೆ ಮಾತ್ರ ಇದ್ದರೆ ಈಗ ಡಯೋಡ್ ನೋಡಬೇಕು. ಎಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ, ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಅಳೆಯಿರಿ. 0.5 ವೋಲ್ಟಿಗಿಂತ ಹೆಚ್ಚು ಬಂದರೆ ಡಯೋಡ್ ಅನುಮಾನಾಸ್ಪದ. ಅಗ್ಗದ ಮೀಟರುಗಳು ಇಲ್ಲಿ 30 ವೋಲ್ಟಿನಂಥ ಅಸಂಬದ್ಧ ಸಂಖ್ಯೆ ತೋರಿಸುತ್ತವೆ. ಪ್ರೋಬ್ ಅದಲುಬದಲು ಮಾಡಿದಾಗ ಸೊನ್ನೆ ಬಂದರೆ ನಿಮ್ಮ ಮೀಟರ್ ಈ ಕೆಲಸಕ್ಕೆ ಬಾರದು, ಆ ಸಂಖ್ಯೆ ನಂಬಬೇಡಿ.

ಖಚಿತ ಪರೀಕ್ಷೆ ಇನ್ನೊಂದಿದೆ. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಕಳಚಿದ ಮೇಲೆ ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನ ನಟ್ ಬಿಚ್ಚಿ, ವೈರಿನ ತುದಿಗೆ ಚೆನ್ನಾಗಿ ಟೇಪ್ ಸುತ್ತಿ, ಸೋರಿಕೆಯನ್ನು ಮೊದಲಿನಂತೆಯೇ ಮತ್ತೆ ಅಳೆಯುವುದು. ಸೋರಿಕೆ ಸಹಜ ಮಟ್ಟಕ್ಕೆ ಬಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಆದರೂ ಪೂರ್ತಿ ಆಲ್ಟರ್ನೇಟರ್ ಬದಲಿಸಬೇಕೆಂದಿಲ್ಲ, ಅನೇಕ ಮಾದರಿಗಳಲ್ಲಿ ಡಯೋಡ್ ಪ್ಲೇಟ್ ಒಂದನ್ನೇ ಹಾಕಿಸಬಹುದು. ಆ ದಪ್ಪ ವೈರು ಬ್ಯಾಟರಿಗೆ ಹೆಚ್ಚುಕಡಿಮೆ ನೇರ ಸಂಪರ್ಕ. ನೆಗೆಟಿವ್ ಕಳಚದೆ ಸ್ಪ್ಯಾನರ್ ಹಾಕಿದರೆ ಬಾಡಿಗೆ ತಾಗಿದ ಜಾಗದಲ್ಲಿ ವೆಲ್ಡ್ ಆಗುತ್ತದೆ. ಕೈ ಸಲೀಸಾಗಿ ಹೋಗದ ಗಾಡಿಯಲ್ಲಿ ಈ ಒಂದು ಹೆಜ್ಜೆಯನ್ನು ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡಿ. ಅಲ್ಲಿಯವರೆಗಿನ ಅಳತೆಗಳನ್ನು ಬರೆದುಕೊಟ್ಟರೆ ಅವರ ಕೆಲಸವೂ ಹಗುರ.

ತಾತ್ಕಾಲಿಕ ದಾರಿಗಳು

ಬೇರು ಸಿಗುವವರೆಗೆ ಗಾಡಿ ನಿಲ್ಲಿಸುವಾಗ ನೆಗೆಟಿವ್ ಕಳಚಿಡಬಹುದು. ಆದರೆ ಗಡಿಯಾರ, ಕಿಟಕಿಯ ಒಂದೇ ಒತ್ತಿನ ವ್ಯವಸ್ಥೆ ಹೋಗುತ್ತದೆ, ಕೆಲವು ಸ್ಟೀರಿಯೊ ಕೋಡ್ ಕೇಳುತ್ತವೆ, ಅಲಾರಂ ಕೆಲಸ ಮಾಡುವುದಿಲ್ಲ. ಕೀ ಒಳಗಿಟ್ಟು ಬಾಗಿಲು ಹಾಕಬೇಡಿ. ನಿಧಾನಕ್ಕೆ ತುಂಬುವ ಮೇಂಟೇನರ್ ಚಾರ್ಜರ್ ಬ್ಯಾಟರಿಯನ್ನು ಉಳಿಸುತ್ತದೆ, ಸೋರಿಕೆಯನ್ನು ಮರೆಮಾಚುತ್ತದೆ. ಮನೆಯಲ್ಲಿ ಸರಿ, ಊರಿಗೆ ಹೋದಲ್ಲಿ ಕೈಕೊಡುತ್ತದೆ. ದೊಡ್ಡ ಬ್ಯಾಟರಿ ಹಾಕಿದರೆ ಮೂರು ದಿನ ಇದ್ದದ್ದು ನಾಲ್ಕಾಗಬಹುದು, ಅಷ್ಟೇ.

ಜಂಪ್ ಮಾಡಬೇಕಾಗಿ ಬಂದರೆ ಕೆಂಪನ್ನು ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಒಳ್ಳೆಯದರ ಪಾಸಿಟಿವ್‌ಗೆ. ಕಪ್ಪನ್ನು ಒಳ್ಳೆಯದರ ನೆಗೆಟಿವ್‌ಗೆ, ಕೊನೆಯ ತುದಿಯನ್ನು ನಿಮ್ಮ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರಿದರೂ ಹೈಡ್ರೋಜನ್ ಹತ್ತಿರ ಆಗಬಾರದು ಅಂತ ಈ ಕ್ರಮ. ಸ್ಟಾರ್ಟ್ ಆದ ಮೇಲೆ ಓಡಿಸಿದ್ದೇ ಸಾಕೆಂದು ಬಿಡಬೇಡಿ, ಆ ರಾತ್ರಿಯೇ ಚಾರ್ಜರಿಗೆ ಹಾಕಿ.

ಸೋರಿಕೆ ಸರಿಹೋದ ಮೇಲೆ ಈಗಿನ ಬ್ಯಾಟರಿಗೆ ಒಂದು ಕೊನೆಯ ಅವಕಾಶ ಕೊಡಿ: ಪೂರ್ತಿ ತುಂಬಿಸಿ, ಗಾಡಿಗೆ ಜೋಡಿಸಿ, ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಲಿ. 9.6 ವೋಲ್ಟಿಗಿಂತ ಕೆಳಗೆ ಹೋದರೆ ಬದಲಿಸಿ. ಮೇಲೆಯೇ ಇದ್ದರೆ ಮೂರು ದಿನ ನಿಲ್ಲಿಸಿ ನೋಡಿ. ಮೂರನೇ ಬೆಳಿಗ್ಗೆ 12.4ಕ್ಕಿಂತ ಹೆಚ್ಚಿದ್ದರೆ ಇನ್ನೊಂದಿಷ್ಟು ಕಾಲ ಅದೇ ಸಾಕು. ಬದಲಿಸಲೇಬೇಕಾದರೆ ತಯಾರಾದ ತಿಂಗಳು ನೋಡಿ ತೆಗೆದುಕೊಳ್ಳಿ, ಅಂಗಡಿಯಲ್ಲಿ ಆರು ತಿಂಗಳು ಕೂತದ್ದು ಬೇಡ. ಸಿಗ್ನಲಿನಲ್ಲಿ ತಾನೇ ಆರುವ ಎಂಜಿನ್ ಇದ್ದರೆ ಮೊದಲಿದ್ದ ಬಗೆಯ ಬ್ಯಾಟರಿಯನ್ನೇ ಹಾಕಿಸಬೇಕು. ಅಂಥ ಕೆಲವು ಗಾಡಿಗಳಲ್ಲಿ ಹೊಸದನ್ನು ಸ್ಕ್ಯಾನರಿನಿಂದ ದಾಖಲಿಸಬೇಕಾಗುತ್ತದೆ. ಎಂಟು ತಿಂಗಳ ಬ್ಯಾಟರಿಗೆ ವಾರಂಟಿ ಇದ್ದೀತು. ಆದರೆ ಖಾಲಿ ಬ್ಯಾಟರಿ ಒಯ್ದರೆ ಅಲ್ಲಿ ಚಾರ್ಜ್ ಮಾಡಿ ಸರಿಯಿದೆ ಎಂದು ವಾಪಸ್ ಕೊಡುವ ಸಂಭವವೇ ಹೆಚ್ಚು. ಮನೆಯಲ್ಲೇ ಪೂರ್ತಿ ತುಂಬಿಸಿ, ಕಳಚಿಟ್ಟ ಸ್ಥಿತಿಯಲ್ಲಿ ಮೂರು ದಿನಕ್ಕೆ ಎಷ್ಟಕ್ಕೆ ಇಳಿಯಿತು ಎಂದು ಬರೆದುಕೊಂಡು ಹೋಗಿ, ಲೋಡ್ ಟೆಸ್ಟ್ (ಹೆಚ್ಚು ಕರೆಂಟ್ ಎಳೆದು ವೋಲ್ಟೇಜ್ ನೋಡುವ ಪರೀಕ್ಷೆ) ಮಾಡಿಕೊಡಿ ಎಂದು ಕೇಳಿ.